ಹುಳದ ಮನೆಯಲ್ಲಿ ಮೂವತ್ತೊಂದು ಜನ

ಮೇ ೬, ಮಂಗಳವಾರ

ಹುಳ ಮೂರನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದವೆ. ಸೊಪ್ಪು ಮೂರು ಸಲ. ಬಿಸಿಲು ಹೆಚ್ಚು, ಕಿಟಕಿಗೆ ಒದ್ದೆ ಗೋಣಿ ಕಟ್ಟಿಸಿದೆ.

ರೇಷ್ಮೆ ಹುಳದ ಈ ಪುಸ್ತಕದಲ್ಲಿ ಇಷ್ಟು ವರ್ಷ ನಾನು ಬರೆದದ್ದು ಇಷ್ಟೇ. ನಾಲ್ಕನೇ ಕ್ಲಾಸಿನ ಓದಿಗೆ ಅದೇ ಹೆಚ್ಚು. ಇವತ್ತು ಮಾತ್ರ ಕೈ ನಿಲ್ಲುತ್ತಿಲ್ಲ. ಯಾರೂ ಓದಲ್ಲ, ಬರೆದೇ ಬಿಡುತ್ತೀನಿ.

ಸಂಜೆ ನಾಲ್ಕರ ಬಸ್ಸಿಗೆ ಮೊಮ್ಮಗಳು ಭಾನುಪ್ರಿಯ ರಾಮನಗರದ ಕಾಲೇಜಿಂದ ಬಂದಳು. ತೋಳಿಗೆ ಕೆಂಪು ಪಟ್ಟಿ, ಕೊರಳಲ್ಲಿ ಸೀಟಿ.

"ಏನೇ ಇದು? ಕಂಡಕ್ಟರ್ ಕೆಲ್ಸ ಸಿಕ್ತಾ?" ಅಂದೆ.

"ತಮಾಷೆ ಬೇಡ ಅಜ್ಜಿ. ಯುದ್ಧ ಆಗೋ ಹಂಗೈತೆ. ಬಾಂಬು ಬಿದ್ರೆ ಜನ ಏನ್ ಮಾಡ್ಬೇಕು ಅಂತ ಕಾಲೇಜಲ್ಲಿ ನಮಗೆ ಹೇಳ್ಕೊಟ್ಟವ್ರೆ. ನಾವು ನಮ್ಮೂರಿಗೆ ಹೇಳ್ಕೊಡ್ಬೇಕು."

ನನ್ನ ಮಗ ಬಾಲರಾಜು ನಕ್ಕ. "ಕೈಲಾಂಚದ ಕಡೆ ಯಾವನವ್ವ ಬಾಂಬ್ ಹಾಕಾನು? ಹಿಪ್ಪುನೇರಳೆ ಕಡ್ಡಿ ಮೇಲೆ?" ಅಂದ. ಭಾನು ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಹೊರಟೇ ಬಿಟ್ಟಳು ಬೀದಿ ಅಳೆಯೋಕೆ, ಜನ ಅಡಗೋಕೆ ಯಾವ ಮನೆ ಸರಿ ಅಂತ. ಈ ಮನೆಗೆ ಶೀಟು, ಬೇಡ. ಆ ಮನೆ ಕಿಟಕಿಗೆಲ್ಲ ಗಾಜು, ಸದ್ದಿಗೆ ಒಡೆದು ಮೈಗೆ ನಾಟುತ್ತೆ, ಬೇಡ. ಹೀಗೆ ಒಂಬತ್ತು ಮನೆಗೂ ಹೆಸರಿಟ್ಟು ಕೊನೆಗೆ ನನ್ನ ಹುಳದ ಮನೆ ಮುಂದೆ ಬಂದು ನಿಂತಳು. ಮೋಲ್ಡು ಹಾಕಿದ ಮಾಳಿಗೆ, ದಪ್ಪ ಗೋಡೆ, ಕಿಟಕಿಗೆ ಬರೀ ಜಾಲರಿ.

"ಇದೇ ಸರಿ. ಸೈರನ್ ಆದ್ರೆ ಬೀದಿಯೋರೆಲ್ಲ ಇಲ್ಲಿಗೆ ಬರ್ಬೇಕು."

ನಾನು ಬಾಗಿಲಿಗೆ ಅಡ್ಡ ನಿಂತೆ. ಈ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಐತೆ, ಹುಳಕ್ಕೆ ರೋಗ ತಗಲದಂಗೆ. ಅದರಲ್ಲಿ ಕಾಲಿಟ್ಟು, ಸೋಪಲ್ಲಿ ಕೈ ತೊಳೆದು ಒಳಗೆ ಬರಬೇಕು. ಮಲ್ಲಿಗೆ ಮುಡಿದು ಬರಂಗಿಲ್ಲ, ಸ್ನೋ ಪೌಡರ್ ಬಳಿದು ಬರಂಗಿಲ್ಲ, ಬೀಡಿ ಬಾಯಿ ಅಂತೂ ಇಲ್ಲವೇ ಇಲ್ಲ. ನನ್ನ ಬೀಗರು ಬಂದಾಗಲೂ ಹೊರಗೇ ನಿಲ್ಲಿಸಿ ಕಾಫಿ ಕೊಟ್ಟೋಳು ನಾನು.

"ಕಾಲು ಅದ್ದಿ ಬರೋದಾದ್ರೆ ಬರ್ಲಿ. ಇಲ್ದಿದ್ರೆ ಹೊರಗೇ ಸಾಯ್ಲಿ," ಅಂದೆ.

"ಆಯ್ತು ಅದ್ಕೊಂಡೇ ಬತ್ತಾರೆ. ಎಲ್ಲಾ ಬಂದವ್ರಾ ಅಂತ ಎಣಿಸೋಕೆ ಒಬ್ರು ಬೇಕು. ಗಂಟಲು ಗಟ್ಟಿ ಇರೋರು."

ಬೀದಿ ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಡೇರಿ ಕಾರ್ಯದರ್ಶಿ ಕೃಷ್ಣಪ್ಪ ಅಂದ, "ಬೋರಕ್ಕ ಕೂಗಿದ್ರೆ ಸೈರನ್ನೂ ಬೇಕಾಗಿಲ್ಲ ಬುಡು." ಅವನಿಗೂ ಒಂದು ಕೆಲಸ ಸಿಕ್ಕಿತು, ಡೇರಿ ಮೈಕಲ್ಲಿ ಸೈರನ್ ಹಾಕೋದು. ಅದಕ್ಕೇ ಅಷ್ಟು ಖುಷಿ ಮುದುಕನಿಗೆ.

ಎಣಿಸೋ ನನ್ನನ್ನೂ ಮೈಕಿನ ಕೃಷ್ಣಪ್ಪನನ್ನೂ ಬಿಟ್ಟು ಭಾನು ಮಿಕ್ಕೋರ ಹೆಸರೆಲ್ಲ ಬರೆದು ಓದಿದಳು. ಮೂವತ್ತೊಂದು ಜನ. ಮೂವತ್ತೊಂದನೇ ಹೆಸರು ಓದೋ ಹೊತ್ತಿಗೆ ನಾನು ಸೊಪ್ಪು ಹಾಕಬೇಕು ಅಂತ ಎದ್ದು ಬಂದೆ.

ಅದು ಎದುರು ಮನೆಯೋಳದು. ತೀರಿಹೋದ ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ, ಮನೇಲಿ ಒಬ್ಬಳೇ. ಹೆಸರು ಇಲ್ಲಿ ಬರೆಯಲ್ಲ. ಹನ್ನೊಂದು ವರ್ಷದ ಕೆಳಗೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಒಂದು ದಿನ ಇರೋವಾಗ, ಸೊಳ್ಳೆ ಔಷಧಿ ಹಚ್ಚಿಕೊಂಡ ಕೈಲೇ ಒಳಗೆ ಬಂದು ಸೊಪ್ಪು ಮುಟ್ಟಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಇಡೀ ಮನೆ ಹುಳ ಹಸಿರು ಕಕ್ಕಿ ಸತ್ತಿದ್ದವು. ಇನ್ನು ನನ್ನ ಹೊಸ್ತಿಲು ತುಳೀಬೇಡ ಅಂದೆ. ತುಳಿದಿಲ್ಲ. ಮಾತೂ ಇಲ್ಲ. ನಡುವೆ ಎಂಟು ಮಾರು ಬೀದಿ.

ಮೇ ೭, ಬುಧವಾರ

ಹುಳ ಚೆನ್ನಾಗಿ ತಿನ್ನುತ್ತಿವೆ. ಸೊಪ್ಪು ನಾಲ್ಕು ಸಲ.

ಬೆಳಗ್ಗೆ ಟಿವಿ ಹಾಕಿದರೆ ಯುದ್ಧ ಶುರು ಆಗೇಬಿಟ್ಟಿತ್ತು! ನಮ್ಮೋರು ರಾತ್ರಿನೇ ಗಡಿಯಾಚೆಗೆ ವಿಮಾನದಲ್ಲಿ ಹೊಡೆದಿದ್ದಾರಂತೆ. ಬಾಲರಾಜು ನಗಲಿಲ್ಲ. ಹಾಲಿನ ಕ್ಯಾನು ಹಿಡಿದುಕೊಂಡೇ ಅರ್ಧ ಗಂಟೆ ನಿಂತ.

ಎಪ್ಪತ್ತೆರಡು ವರ್ಷದಲ್ಲಿ ನನ್ನ ಮೈ ಇಷ್ಟು ಚುರುಕಾಗಿದ್ದು ನೆನಪಿಲ್ಲ. ಭಾನು ಹೇಳಿದಂಗೆ ಒಂದು ಚೀಲ ಕಟ್ಟಿದೆ. ಆಧಾರು, ರೇಷನ್ ಕಾರ್ಡು, ಹೊಲದ ಪಹಣಿ, ನನ್ನ ಬಿಪಿ ಮಾತ್ರೆ ಹತ್ತು ದಿನದ್ದು, ಬ್ಯಾಟರಿ, ಬೆಂಕಿಪೊಟ್ಟಣ, ಹುರಿಹಿಟ್ಟು, ಎರಡು ಬಾಟಲಿ ನೀರು. ಜೊತೆಗೆ ಎಲೆ ಅಡಿಕೆ. ಭಾನು ಅದನ್ನು ತೆಗೆದಿಟ್ಟಳು. ನಾನು ಮತ್ತೆ ಹಾಕಿದೆ. ಬಾಂಬಿಗೆ ಹೆದರೋ ಹೊತ್ತಲ್ಲಿ ಬಾಯಿ ಸುಮ್ಮನಿರಬೇಕಾ?

ಮಧ್ಯಾಹ್ನ ಬೀದಿಯಲ್ಲೇ ಪಾಠ. ಸೈರನ್ ಏರುತ್ತಾ ಇಳಿಯುತ್ತಾ ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಮುಗಿಯಿತು ಅಂತ. ಗ್ಯಾಸು ಆರಿಸಬೇಕು. ದೀಪ ಆರಿಸಬೇಕು, ಬೆಳಕಿನ ಎಳೆನೂ ಆಚೆಗೆ ಹೋಗಬಾರದು. ಹೊಲದಲ್ಲಿ ಇದ್ದೋರು ಓಡಬಾರದು, ಗುಂಡಿಗೋ ಕಾಲುವೆಗೋ ಇಳಿದು ಬೋರಲು ಮಲಗಬೇಕು. ಕಿವಿ ಮುಚ್ಚಬೇಕು, ಬಾಯಿ ಒಸಿ ತೆಗೆದಿರಬೇಕು, ಸದ್ದಿಗೆ ಕಿವಿತಮಟೆ ಹರಿಯದಂಗೆ. ಬಿದ್ದಿರೋ ವಸ್ತು ಏನೇ ಇರಲಿ ಮುಟ್ಟಬಾರದು.

"ಎಲ್ಲಿ, ಬೋರಲು ಮಲಗಿ ತೋರಿಸು ಅಜ್ಜಿ."

ಮಲಗಿದೆ. ಏಳೋಕೆ ಆಗಲಿಲ್ಲ. ಸೊಸೆ ಒಂದು ಕೈ, ಭಾನು ಒಂದು ಕೈ ಹಿಡಿದು ಎತ್ತಬೇಕಾಯಿತು. ಕೃಷ್ಣಪ್ಪ ಹಲ್ಲು ಕಿರಿದು, "ಬೋರಕ್ಕ, ಯುದ್ಧ ಮುಗಿದ್ರೂ ನೀನು ಅಲ್ಲೇ ಇರ್ತೀಯ," ಅಂದ.

"ನಿನ್ನ ಮಲಗ್ಸಿದ್ರೆ ಬಾಯೊಂದು ಮಾತ್ರ ಎದ್ದು ಓಡಾಡ್ತದೆ ಕಣೋ," ಅಂದೆ.

ಅವನೇ ಸಂಜೆ ಫೋನು ಹಿಡಿದು ಓಡಿ ಬಂದ. ಬಿಡದಿ ಫ್ಯಾಕ್ಟರಿಗಳ ಮೇಲೆ ಇವತ್ತು ರಾತ್ರಿ ಹಾಕ್ತಾರಂತೆ, ವಾಟ್ಸಾಪಲ್ಲಿ ಬಂದೈತೆ ಅಂತ. ಹೆಂಗಸರು ಅಳೋಕೆ ಶುರು. ಭಾನು ಫೋನು ಕಿತ್ತುಕೊಂಡು ಕೇಳಿದಳು, "ಯಾರು ಕಳ್ಸಿದ್ದು?" "ನಮ್ಮ ಷಡ್ಡಕ." "ಅವರಿಗೆ ಯಾರು?" "ಗೊತ್ತಿಲ್ಲ." "ಗೊತ್ತಿಲ್ಲ ಅಂದ್ಮೇಲೆ ನೀವು ಎಷ್ಟು ಜನಕ್ಕೆ ಕಳ್ಸಿದ್ರಿ ತಾತ?" ನಲವತ್ತಾರು ಜನಕ್ಕೆ! ಕೂತು ಅಷ್ಟೂ ಜನಕ್ಕೆ ಸುಳ್ಳು ಅಂತ ಮತ್ತೆ ಕಳಿಸಿದ, ಮಗ್ಗಿ ತಪ್ಪಿದ ಹುಡುಗನಂಗೆ.

ಪಾಠದ ಹೊತ್ತಲ್ಲಿ ಎದುರು ಮನೆಯೋಳು ಅವಳ ಜಗಲಿ ಮೇಲೇ ಕೂತು ಸೊಪ್ಪು ಸೋಸುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ, ನನಗೇನು.

ಮೇ ೮, ಗುರುವಾರ

ಹುಳ ದಪ್ಪ ಆಗಿವೆ. ನಾಳೆಗೆ ನಾಲ್ಕನೇ ಜ್ವರಕ್ಕೆ ಮಲಗುತ್ತವೆ.

ಅಯ್ಯೋ, ಎಲ್ಲಿಂದ ಶುರು ಮಾಡಲಿ!

ಸಂಜೆ ಗುಲ್ಜಾರ್ ಬೀ ಬಂದಿದ್ದಳು. ರಾಮನಗರದಲ್ಲಿ ಅವಳ ಮಕ್ಕಳದು ರೇಷ್ಮೆ ಗೂಡಿಂದ ನೂಲು ಬಿಚ್ಚೋ ಕೆಲಸ. ನಲವತ್ತು ವರ್ಷದಿಂದ ನನ್ನ ಗೂಡು ಅವಳ ಮನೆ ಒಲೆ ಮೇಲೇ ಬೇಯುತ್ತೆ. ಹುಳ ನೋಡಿ, ಕಾಫಿ ಕುಡಿದು, ಸೊಸೆಯರನ್ನು ಬೈಯೋದರಲ್ಲಿ ಬಸ್ಸು ತಪ್ಪಿಸಿಕೊಂಡಳು.

ಏಳೂವರೆಗೆ ಡೇರಿ ಮೈಕು ಕೂಗಿತು. ಏರುತ್ತಾ, ಇಳಿಯುತ್ತಾ. ಭಾನು ಅಭ್ಯಾಸಕ್ಕೆ ಅಂತ ಹಾಕಿಸಿದ ಸುಳ್ಳು ಸೈರನ್. ಬೀದಿ ಪೂರ್ತಿ ಗಕ್ ಅಂತ ಕತ್ತಲು. ದಬದಬ ಓಡಿ ಬಂದರು ನೋಡು! ನಾನು ಹುಳದ ಮನೆ ಬಾಗಿಲಲ್ಲಿ ಕೈ ಅಗಲಿಸಿ ನಿಂತೆ.

"ಕಾಲು! ಕಾಲು ಅದ್ದು! ಏ, ಹೂವ ತೆಗಿಯೇ ತಲೆಯಿಂದ! ಸೋಪು ಎಲ್ಲೈತೆ? ಒಬ್ಬೊಬ್ರೇ!"

ಬಾಗಿಲಲ್ಲಿ ರೇಷನ್ ಅಂಗಡಿ ಸಾಲು. ಭಾನು ಸೀಟಿ ಊದಿ ಊದಿ ಕೆನ್ನೆ ಕೆಂಪು ಮಾಡಿಕೊಂಡಳು. "ಅಜ್ಜೀ! ಬಾಂಬು ಬೀಳೋವಾಗ ಹಿಂಗೆ ಕಾಲು ತೊಳೀತಾ ನಿಂತ್ರೆ? ಹುಳ ಯಾವ ಜ್ವರದಲ್ಲವೆ ಅಂತ ಕೇಳ್ಕೊಂಡು ಬಾಂಬು ಬತ್ತದಾ?"

"ನೀನು ಸುಮ್ನಿರೇ. ಬಾಂಬು ಬಂದು ಹೋಗ್ತದೆ. ಹುಳ ಸತ್ರೆ?"

ಒಳಗೆ ಕಗ್ಗತ್ತಲು. ಅಷ್ಟೂ ಬಾಯಿ ಮುಚ್ಚಿಕೊಂಡಿದ್ದು ನಾನು ಮೊದಲ ಸಲ ಕೇಳಿದೆ. ಎಲ್ಲರ ತಲೆ ಮೇಲೆ ಹುಳ ಸೊಪ್ಪು ಮೇಯೋ ಸದ್ದು ಮಾತ್ರ, ಸಣ್ಣ ತುಂತುರು ಬಿದ್ದಂಗೆ. ಕತ್ತಲು ನಮ್ಮ ಹುಳಕ್ಕೆ ಹೊಸದಲ್ಲ, ಅವು ಹೆದರಲಿಲ್ಲ.

ಹುಳದ ತಟ್ಟೆ ಎಣಿಸಿದಂಗೆ ತಲೆ ಮುಟ್ಟಿ ಮುಟ್ಟಿ ಎಣಿಸಿದೆ. ಮೂವತ್ತೊಂದು! "ಮೂವತ್ತೊಂದು! ಎಲ್ಲಾ ಸರಿ ಐತೆ!" ಅಂತ ನಾನು ಕೂಗಿದ್ದು ಡೇರಿ ತನಕ ಕೇಳಿತಂತೆ. ಆದರೂ ಕೃಷ್ಣಪ್ಪನ ಮೊಮ್ಮಗ ಓಡಿ ಹೋಗಿ ಹೇಳಿದ ಮೇಲೆಯೇ ಸೈರನ್ ಒಂದೇ ಸಮ ಕೂಗಿ ನಿಂತಿತು.

ಆಮೇಲೆ ಹಬ್ಬ. ಸೊಸೆ ಬೆಲ್ಲದ ಕಾಫಿ ಕಾಯಿಸಿದಳು. ಹದಿಮೂರು ನಿಮಿಷ ಹಿಡಿಯಿತಂತೆ. ಕಾಲು ತೊಳೆಯೋದಕ್ಕೇ ಒಂಬತ್ತು. ಮುಂದಿನ ಸಲ ಇನ್ನೊಂದು ತಟ್ಟೆ ಇಡಬೇಕು. ಬಾಲರಾಜು ಗುಲ್ಜಾರ್ ಬೀನ ಬೈಕಲ್ಲಿ ಬಿಟ್ಟು ಬರೋಕೆ ಹೋದ. ಹೋಗೋವಾಗ ಅವಳು, "ಬೋರಮ್ಮಾ, ನೀನು ಮಿಲ್ಟ್ರಿಗೆ ಹೋಗ್ಬೇಕಿತ್ತು ನೋಡು," ಅಂದಳು.

ಎದುರು ಮನೆಯಲ್ಲಿ ಇನ್ನೂ ದೀಪ ಹತ್ತಿಲ್ಲ. ಮಲಗಿರಬೇಕು.

ಮೇ ೯, ಶುಕ್ರವಾರ

ಹುಳ ನಾಲ್ಕನೇ ಜ್ವರಕ್ಕೆ ಮಲಗಿವೆ. ತಿನ್ನೋದು ಬಿಟ್ಟು ತಲೆ ಎತ್ತಿಕೊಂಡು ಕೂತಿವೆ, ಪೊರೆ ಬಿಡೋಕೆ. ಸೊಪ್ಪಿಲ್ಲ. ತಟ್ಟೆ ಒಣಗಲಿ ಅಂತ ಹುಳದ ಮೇಲೆ ಸುಣ್ಣದ ಪುಡಿ ಉದುರಿಸಿದೆ.

ಲೆಕ್ಕ ಸರಿ ಇತ್ತು.

ಮೇ ೧೦, ಶನಿವಾರ

ಹುಳ ಮಲಗಿವೆ.

ನಿನ್ನೆ ಬೆಳಗ್ಗೆ ಎದುರು ಮನೆಯೋಳ ಹಾಲು ಡೇರಿಗೆ ಬರಲಿಲ್ಲ ಅಂತ ಕೃಷ್ಣಪ್ಪ ನೋಡೋಕೆ ಹೋಗಿದ್ದ. ಹಿತ್ತಿಲ ಒಗೆಯೋ ಕಲ್ಲಿನ ಹತ್ತಿರ ಬಿದ್ದಿದ್ದಳಂತೆ. ಕತ್ತಲಲ್ಲಿ ಜಾರಿದ್ದು. ಹಿಮ್ಮಡಿ ಮೇಲೆ ಮೂಳೆ ಎರಡು ಕಡೆ ಮುರಿದೈತೆ. ಕೂಗಿದಳಂತೆ. ನಾವೆಲ್ಲ ಹುಳದ ಮನೆ ಒಳಗಿದ್ದೆವು, ಆಮೇಲೆ ಕಾಫಿ ಕುಡಿಯುತ್ತಾ ಗದ್ದಲ ಮಾಡುತ್ತಿದ್ದೆವು. ಕೂಗಿ ಕೂಗಿ ಗಂಟಲು ಕಟ್ಟಿ ಸುಮ್ಮನಾದಳಂತೆ. ಬೆಳಗಿನವರೆಗೂ ಅಲ್ಲೇ.

"ಕೈಲಿ ಸೋಪು ಹಂಗೇ ಹಿಡ್ಕೊಂಡಿದ್ಲು ಬೋರಕ್ಕ," ಅಂದ ಕೃಷ್ಣಪ್ಪ.

"ಯುದ್ಧದ ಹೊತ್ತಲ್ಲಿ ಒಗೆಯೋಕೆ ಹೋಗಿದ್ಲಾ? ಬುದ್ಧಿ ಎಲ್ಲಿಟ್ಟಿದ್ಲು?" ಅಂತ ನಾನಂದೆ. ಅವನು ಎದ್ದು ಡೇರಿ ಕಡೆ ಹೊರಟ.

ಬಾಲರಾಜು, ಭಾನು ಆಟೋದಲ್ಲಿ ರಾಮನಗರದ ಆಸ್ಪತ್ರೆಗೆ ಸೇರಿಸಿ ಬಂದರು. ಅವಳ ಮಗಳು ಕನಕಪುರದಲ್ಲಿ ಬಾಣಂತಿ, ಬರೋ ಹಂಗಿಲ್ಲ.

ಭಾನು ಬಂದು ನನ್ನ ಮುಂದೆ ಹೆಸರಿನ ಪಟ್ಟಿ ಇಟ್ಟಳು. "ಮೂವತ್ತೊಂದು ಅಂದ್ಯಲ್ಲ ಅಜ್ಜಿ."

"ತಲೆ ಮುಟ್ಟಿ ಎಣಿಸೀನಿ. ಮೂವತ್ತೊಂದೇ ಇದ್ದಿದ್ದು."

ಹನ್ನೊಂದು ಗಂಟೆಗೆ ಗುಲ್ಜಾರ್ ಬೀ ಫೋನು. ಅವಳಿಗೂ ಸುದ್ದಿ ಮುಟ್ಟಿತ್ತು. "ಬೋರಮ್ಮಾ, ಆ ಮೂವತ್ತೊಂದ್ರಲ್ಲಿ ನನ್ ತಲೆನೂ ಮುಟ್ಟಿದ್ಯಲ್ಲಾ? ನಾನು ನಿಮ್ ಬೀದಿಯೋಳಲ್ಲವಲ್ಲಮ್ಮಾ."

ಫೋನು ಇಟ್ಟುಬಿಟ್ಟೆ.

ಸಂಜೆ ಯುದ್ಧ ನಿಂತಿತು ಅಂತ ಟಿವಿಯಲ್ಲಿ ಹೇಳಿದರು. ಬೀದಿಯಲ್ಲಿ ಪಟಾಕಿ. ಭಾನು ಪಟ್ಟಿ ಮಡಚಿ ಕಸದ ಬುಟ್ಟಿಗೆ ಹಾಕೋಕೆ ಹೋದಳು, ಕಿತ್ತುಕೊಂಡೆ. ಈ ಪುಸ್ತಕದೊಳಗೆ ಐತೆ.

ಮೇ ೧೧, ಭಾನುವಾರ

ಹುಳ ಎದ್ದವು. ಹಸಿದಿವೆ.

ನಾನು ಗುಲ್ಜಾರ್ ಬೀ ತಲೆ ಮುಟ್ಟಿ ಎಣಿಸೋವಾಗ ಅದು ಅವಳ ತಲೆ ಅಂತ ನನಗೆ ಗೊತ್ತಿತ್ತು. ಅತ್ತರಿನ ವಾಸನೆಗೆ ಬೈಯೋಣ ಅಂತಲೂ ಬಾಯಿ ತೆರೆದಿದ್ದೆ. ಇವಳು ಹೊರಗಿನೋಳು, ಹಾಗಿದ್ರೆ ಒಬ್ಬರು ಕಮ್ಮಿ, ಕಮ್ಮಿ ಇರೋದು ಯಾರು ಅಂತ ಎಣಿಸೋಕೆ ಮುಂಚೆಯೇ ಗೊತ್ತಿತ್ತು. ಲೆಕ್ಕ ಸರಿ ಹೋಯಿತಲ್ಲ ಅಂತ ಕೂಗಿಬಿಟ್ಟೆ. ಹನ್ನೊಂದು ವರ್ಷ ಆ ಮನೆ ಕಡೆ ನೋಡಿದರೂ ನೋಡದಂಗೆ ಇದ್ದು ಇದ್ದು, ಕತ್ತಲಲ್ಲೂ ಅದೇ ಮಾಡಿದೆ.

ಬರೆದೆ. ಯಾರೂ ಓದಲ್ಲ.

ಎದುರು ಮನೆ ಹಸುಗೆ ಹುಲ್ಲು ಹಾಕಿ ಹಾಲು ಕರೆದು ಬಂದೆ. ಹಸು ಒದೆಯಿತು. ಒದೀಲಿ.

ಮೇ ೧೩, ಮಂಗಳವಾರ

ಸೊಪ್ಪು ಐದು ಸಲ. ಕೊನೇ ವಾರದ ಹಸಿವು ಅಂದರೆ ಹಸಿವು!

ಆಸ್ಪತ್ರೆಗೆ ಹೋಗಿದ್ದೆ. ರಾಮನಗರಕ್ಕೆ ಗೊಬ್ಬರ ತರೋ ಕೆಲಸ ಇತ್ತು, ದಾರಿಯಲ್ಲೇ ಆಸ್ಪತ್ರೆ ಅಂತ ಹೋದೆ. ಭಾನು ಜೊತೆಗಿದ್ದಳು. ಲತಾಮಣಿ ಕಾಲಿಗೆ ಬಿಳೀ ಕಟ್ಟು ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದಳು. ಕೂದಲು ಎಷ್ಟು ಬೆಳ್ಳಗಾಗಿದೆ! ಎಂಟು ಮಾರು ದೂರದಿಂದ ಕಾಣದೇ ಇದ್ದದ್ದು.

ನನ್ನ ನೋಡಿ ಗೋಡೆ ಕಡೆ ತಿರುಗಿದಳು. ನಾನೂ ಕಿಟಕಿ ಕಡೆ ತಿರುಗಿದೆ. ಭಾನು ನಡುವೆ.

"ಭಾನು, ನಿಮ್ಮಜ್ಜಿ ಕೂತ್ಕೊಳ್ಳೋ ಹಂಗಿದ್ರೆ ಸ್ಟೂಲೈತೆ ಅನ್ನು."

"ಭಾನು, ನಾನೇನು ಕೂರೋಕೆ ಬಂದಿಲ್ಲ ಅನ್ನು. ಮುದ್ದೆ ಸಾರು ತಂದೀನಿ, ಬಿಸಿ ಆರೋಕೆ ಮುಂಚೆ ಉಣ್ಣು ಅನ್ನು."

"ನನ್ನ ಬುಟ್ಟು ಮೂವತ್ತೊಂದು ಎಂಗಾಯ್ತು ಅಂತ ಕೇಳು ಭಾನು."

ಭಾನು ಕೈ ಮುಗಿದಳು. "ನಾನು ಹೊರಗೆ ಹೋಯ್ತೀನಿ. ನೀವೇ ಕೇಳ್ಕಳಿ." ಹೋಗೇ ಬಿಟ್ಟಳು, ಕತ್ತೆ.

ಫ್ಯಾನು ಗರಗರ ಅಂತಿತ್ತು. ನಾನು ಸ್ಟೂಲ್ ಎಳೆದುಕೊಂಡೆ. "ಎಣಿಸ್ಲಿಲ್ಲ. ನಿನ್ನ ನಾನು ಎಣಿಸ್ಲೇ ಇಲ್ಲ," ಅಂದೆ.

ಸಾರಿನ ಡಬ್ಬಿ ಬಿಚ್ಚುತ್ತಾ ಕೇಳಿದೆ, "ಅಷ್ಟೊತ್ತಲ್ಲಿ ಆ ಸೋಪು ಯಾಕ್ ಬೇಕಿತ್ತು ನಿಂಗೆ?"

"ಕೈ ತೊಳ್ಯಕೆ."

"ಯಾವ ಕೈ?"

"ಸೊಳ್ಳೆ ಕಾಟ ಅಂತ ಸಂಜೆನೇ ಔಷಧಿ ಹಚ್ಕೊಂಬುಟ್ಟಿದ್ದೆ. ಸೈರನ್ ಆಯ್ತು. ಹುಳದ ಮನೆಗೆ ಹಂಗೇ ಬರಕಾಯ್ತದಾ? ಮೊಣಕೈ ತಂಕ ಉಜ್ಜಿ ಬರಾನ ಅಂತ ಹಿತ್ತಿಲಿಗೆ ಹೋದೆ."

ಸಾರು ಆರಿಹೋಯಿತು. ನಾನೇ ಮುದ್ದೆ ಮುರಿದು ಕೊಟ್ಟೆ. ಉಪ್ಪು ಕಮ್ಮಿ ಅಂದಳು. ನಾಲಗೆಗೆ ಏನೂ ಆಗಿಲ್ಲ ಇವಳಿಗೆ.

ಗೊಬ್ಬರ ತರೋದು ಮರೆತೆ.

ಮೇ ೧೫, ಗುರುವಾರ

ಹುಳ ಬೆರಳು ಗಾತ್ರ! ಸೊಪ್ಪು ತಂದು ತಂದು ಬಾಲರಾಜು ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಾನೆ.

ಲತಾಮಣಿ ಮನೆಗೆ ಬಂದಳು. ಕಾಲು ಊರಂಗಿಲ್ಲ, ಒಂದೂವರೆ ತಿಂಗಳು.

ಬೆಳಗ್ಗೆ ಡೇರಿಗೆ ಹೋಗಿ ಕೃಷ್ಣಪ್ಪನಿಗೆ ಹೇಳಿದೆ, "ಭಾನುವಾರ ಸಂಜೆ ಇನ್ನೊಂದು ಸಲ ಸೈರನ್ ಹಾಕು."

"ಯುದ್ಧ ಮುಗಿದು ಐದು ದಿನ ಆಯ್ತು ಬೋರಕ್ಕ!"

"ಮುಗಿದ್ರೇನು? ಅದು ನಿಂಗೆ ಮೊದ್ಲೇ ಹೇಳಿ ಶುರುವಾಗಿತ್ತಾ? ಇನ್ನೊಂದು ಶುರುವಾಗೋವಾಗ ನಿನ್ನ ಷಡ್ಡಕ ವಾಟ್ಸಾಪ್ ಕಳಿಸ್ತಾನಾ?"

ಹಾಲು ಹಾಕೋಕೆ ಬಂದೋರೆಲ್ಲ ನಕ್ಕರು. ಒಪ್ಪಿದ. ನಾನು ಮೈಕು ಕಿತ್ತುಕೊಂಡು ನಾನೇ ಸಾರಿದೆ. ಮೈಕಲ್ಲಿ ನನ್ನ ಗಂಟಲು ಕೇಳಿ ನನಗೇ ಖುಷಿ ಆಯಿತು, ಎರಡು ಸಲ ಸಾರಿದೆ.

ಗುಲ್ಜಾರ್ ಬೀಗೆ ಫೋನು ಮಾಡಿದೆ. ಅವತ್ತು ಮುಖಕ್ಕೆ ಹೊಡೆದಂಗೆ ಫೋನು ಇಟ್ಟದ್ದಕ್ಕೆ ಒಸಿ ಬೈದಳು, ಆಮೇಲೆ ದಾರಿ ಹೇಳಿದಳು. "ನಮ್ ಶೆಡ್ಡಲ್ಲಿ ಮೂವತ್ತು ಎಳೆ ಓಡ್ತಾ ಇರ್ತಾವೆ. ಎಷ್ಟವೆ ಅಂತ ಎಣಿಸಿದ್ರೆ ಕಡಿದಿದ್ದು ಗೊತ್ತಾಗಲ್ಲ ಬೋರಮ್ಮಾ. ಒಂದೊಂದನ್ನೂ ನೋಡ್ಬೇಕು. ತಲೆ ಬ್ಯಾಡ, ಹೆಸ್ರು ಕೂಗು."

ಭಾನು ಪಟ್ಟಿ ಹೊಸದಾಗಿ ಬರೆದಳು. ಯಾರಿಗೆ ಕಿವಿ ಕೇಳಲ್ಲ, ಯಾರಿಗೆ ನಡೆಯೋಕಾಗಲ್ಲ, ಅವರನ್ನು ಯಾರು ಕರೆತರಬೇಕು, ಎಲ್ಲ ಹೆಸರಿನ ಪಕ್ಕದಲ್ಲೇ. ಲತಾಮಣಿ ಪಕ್ಕದಲ್ಲಿ ಬಾಲರಾಜು ಅಂತ ಬರೆಯೋಕೆ ಹೋದಳು. "ಬೋರಮ್ಮ ಅಂತ ಬರಿ," ಅಂದೆ.

"ನೀನು ಎತ್ತೀಯಾ ಅಜ್ಜಿ?"

"ಎತ್ತೋರು ಎತ್ತಲಿ. ಕರೆಯೋಳು ನಾನು."

ಎರಡು ಗೋಣಿಚೀಲದ ತಳದ ಮೂಲೆ ಕೊಯ್ದು ಎರಡು ಬಿದಿರು ಗಳ ತೂರಿಸಿದರೆ ರೋಗಿ ಹೊರೋ ಮಂಚ ಆಯಿತು! ಕಾಲೇಜಲ್ಲಿ ಕಲಿತದ್ದಂತೆ. ಕೃಷ್ಣಪ್ಪನನ್ನೇ ಮಲಗಿಸಿ ಬೀದಿ ತುದಿ ತನಕ ಹೊತ್ತರು. "ನಿಧಾನ ಕಣ್ರಲಾ, ನಾನಿನ್ನೂ ಸತ್ತಿಲ್ಲ," ಅಂತ ಕೂಗುತ್ತಿದ್ದ. ಹಳೇ ಚೀಲ, ಅರ್ಧ ದಾರಿಯಲ್ಲಿ ಪರ್ ಅಂತ ಹರಿದು ಸಗಣಿ ಪಕ್ಕ ಬಿದ್ದ. ಲತಾಮಣಿ ಜಗಲಿ ಮೇಲಿಂದ ನಕ್ಕಳು. ಎಷ್ಟು ವರ್ಷ ಆಗಿತ್ತು ಆ ಗೊಗ್ಗರು ನಗು ಕೇಳಿ.

ಹೊಸ ಚೀಲ ಕೊಟ್ಟೆ.

ಮೇ ೧೮, ಭಾನುವಾರ

ಹುಳ ಹಣ್ಣಾದವು. ಇವತ್ತೇ! ಮೈಯೆಲ್ಲ ಗಾಜಿನಂಗೆ ಮಿರುಗುತ್ತಾ, ತಿನ್ನೋದು ಬಿಟ್ಟು ತಲೆ ಆಡಿಸುತ್ತಿವೆ. ಬೆಳಗ್ಗೆಯಿಂದ ಆಯ್ದು ಆಯ್ದು ಗೂಡು ಕಟ್ಟೋ ಬಿದಿರು ಚಾಪೆ, ಚಂದ್ರಿಕೆಗೆ ಬಿಡುತ್ತಿದ್ದೇವೆ.

ಬಾಲರಾಜು ತಲೆ ಮೇಲೆ ಕೈ ಹೊತ್ತು ನಿಂತ. "ಅವ್ವ, ಹಣ್ಣಾದ ದಿನ ಆಚೆಯೋರ ನೆರಳೂ ಬೀಳ್ಬಾರ್ದು ಅಂತ ನೀನೇ ಹೇಳೋದು. ಇವತ್ತು ಇಡೀ ಬೀದಿನ ಒಳಕ್ಕೆ ಬುಡ್ತೀಯಾ? ಮುಂದಕ್ಕೆ ಹಾಕು."

"ಹುಳ ಹಣ್ಣಾಗವಾ ಅಂತ ಕೇಳ್ಕೊಂಡು ಬಾಂಬು ಬತ್ತದೇನ್ಲಾ?" ಅಂದೆ. ಭಾನು ಯಾಕೋ ಬಾಯಿಗೆ ಸೆರಗಿನಂಗೆ ದುಪಟ್ಟಾ ಮುಚ್ಚಿಕೊಂಡು ನಕ್ಕಳು. ಇದರಲ್ಲಿ ನಗೋದೇನೋ.

ಬಾಗಿಲಲ್ಲಿ ನಾಲ್ಕು ತಟ್ಟೆ ಇಡಿಸಿದ್ದೆ, ಅಗಲವಾಗಿ, ಓಡುತ್ತಲೇ ಕಾಲು ಅದ್ದಿಕೊಂಡು ಬರೋ ಹಂಗೆ. ಏಳು ಗಂಟೆಗೆ ಸೈರನ್. ಕತ್ತಲು. ಮೂರೇ ನಿಮಿಷ! ಎಲ್ಲ ಒಳಗೆ. ನಾನು ಬಾಗಿಲಲ್ಲಿ ನಿಂತು ಬಾಯಿಪಾಠ ಮಾಡಿದ ಹೆಸರು ಕೂಗಿದೆ. ಒಂದೊಂದು ಹೆಸರಿಗೂ ಕತ್ತಲೊಳಗಿಂದ ಒಂದೊಂದು "ಇವ್ನಿ".

ಮೂವತ್ತು ಆಯಿತು.

"ಲತಾಮಣಿ."

ಯಾರೂ ಇಲ್ಲ. ಅವಳನ್ನ ಹೊತ್ತು ತರೋಕೆ ಗಳ ಹಿಡಿದು ಹೋದ ನಾಲ್ಕು ಜನ ಹೆಸರು ಕೂಗಿದಾಗ ಒಳಗೇ ಇದ್ದರು, ಕೂಗಿದ್ದಕ್ಕೆ ಓಗೊಟ್ಟಿದ್ದರು! "ಅವಳೆಲ್ಲೋ?" ಅಂದೆ. ಒಬ್ಬ ಮೆಲ್ಲಗೆ ಅಂದ, "ಅವ್ರು ಬರಲ್ಲ ಅಂದ್ರು, ದೊಡ್ಡಮ್ಮ. ಹುಳ ಹಣ್ಣಾಗವೆ, ನನ್ನ ಕರ್ಕೊಂಡೋಗ್ಬೇಡಿ, ಬರ್ದಿದ್ದೇ ಒಳ್ಳೇದು ಅಂತ."

ನಾನು ಸೀರೆ ಎತ್ತಿ ಸಿಕ್ಕಿಸಿದೆ. "ಗಳ ತಗೊಂಡು ಬನ್ರೋ ನನ್ನ ಹಿಂದೆ." ಎಂಟು ಮಾರು ಬೀದಿ ದಾಟಿದೆ. ಹನ್ನೊಂದು ವರ್ಷದಲ್ಲಿ ಅವಳು ಇರೋವಾಗ ಆ ಜಗಲಿ ಹತ್ತಿದ್ದು ಇದೇ ಮೊದಲು. ಒಳಗೆ ಕತ್ತಲಲ್ಲಿ ಮಂಚದ ಮೇಲೆ ಕೂತಿದ್ದಳು, ಎರಡು ಕೈನೂ ಕಂಕುಳಲ್ಲಿ ಅಡಗಿಸಿಕೊಂಡು.

"ಏಳೇ."

"ಬ್ಯಾಡ ಅಕ್ಕ. ಹಣ್ಣಾಗವೆ. ಏನಾರ ಆದ್ರೆ ಮತ್ತೆ ನನ್ನ ತಲೆ ಮೇಲೆ ಬತ್ತದೆ."

"ಬಂದ್ರೆ ನನ್ನ ತಲೆ ಮೇಲೂ ಬರ್ಲಿ. ಸೈರನ್ ಕೂಗ್ತಾ ಐತೆ, ಲೆಕ್ಕ ಕೆಡ್ತಾ ಐತೆ. ಮಲಕ್ಕೋ ಇದರ ಮೇಲೆ."

ಹೊತ್ತು ತಂದರು. ನಾನು ಮುಂದೆ. ಹೊಸ್ತಿಲ ಹತ್ತಿರ ಬರುತ್ತಲೇ ಅವಳು ಕೂಗಿಕೊಂಡಳು, "ಇಳಿಸ್ರಪ್ಪ! ಕೈ ತೊಳ್ದಿಲ್ಲ! ಕಟ್ಟು ಹಾಕಿರೋ ಕಾಲು ಅದ್ದಂಗಿಲ್ಲ!"

"ಒಳಕ್ಕೆ ನಡೀರಿ," ಅಂದೆ. "ಮೊದ್ಲು ಜನ."

ನಡೆದರು. ಚಂದ್ರಿಕೆಗಳ ನಡುವೆ ಇಳಿಸಿದರು. ನಾನು ಮತ್ತೆ ಬಾಗಿಲಿಗೆ ಹೋಗಿ ನಿಂತು ಕೂಗಿದೆ, ಎರಡು ಮಾರು ದೂರದಲ್ಲಿ ಇದ್ದರೂ ಡೇರಿಗೆ ಕೇಳೋ ಹಂಗೆ. "ಲತಾಮಣೀ!"

"ಇವ್ನಿ ಅಕ್ಕ."

"ಮೂವತ್ತೊಂದು!"

ಸೈರನ್ ಒಂದೇ ಸಮ ಕೂಗಿ ನಿಂತಿತು. ದೀಪ ಹತ್ತಿತು. ಎಲ್ಲರೂ ಚಪ್ಪಾಳೆ. ಅವಳು ಮಾತ್ರ ಇನ್ನೂ ಕೈ ಕಂಕುಳಲ್ಲಿಟ್ಟುಕೊಂಡು ಮೇಲೆ ನೋಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಈ ಮನೆ ಒಳಗೆ ಏನೇನು ಬದಲಾಗಿದೆ ಅಂತ ನೋಡುತ್ತಿದ್ದಳೋ ಏನೋ. ಒಂದು ಹಣ್ಣು ಹುಳ ಚಂದ್ರಿಕೆಯಿಂದ ಜಾರಿ ಅವಳ ಸೀರೆ ಮಡಿಲಿಗೆ ಬಿತ್ತು. ಬೆಂಕಿ ಬಿದ್ದಂಗೆ ಬೆಚ್ಚಿದಳು. "ಅಕ್ಕಾ, ತಗೋ ತಗೋ, ನಾನು ಮುಟ್ಟಲ್ಲ!"

ನಾನು ಒಂದು ಚೊಂಬು ನೀರು, ಸೋಪು ತಂದೆ. ಅವಳ ಕೈ ಎಳೆದು ಮೊಣಕೈ ತನಕ ಉಜ್ಜಿದೆ. ಎರಡು ಸಲ ತೊಳೆದೆ. ನನ್ನ ಸೆರಗಲ್ಲೇ ಒರೆಸಿದೆ. "ಈಗ ನೀನೇ ಬುಡು," ಅಂದೆ.

ಎರಡು ಬೆರಳಲ್ಲಿ ಹುಳ ಎತ್ತಿ ಚಂದ್ರಿಕೆಗೆ ಬಿಟ್ಟಳು. ಹುಳ ಒಂದು ಸುತ್ತು ತಲೆ ಆಡಿಸಿ, ಜಾಗ ನೋಡಿಕೊಂಡು, ಎಳೆ ಬಿಡೋಕೆ ಶುರು ಮಾಡಿತು.

ಮೇ ೧೯, ಸೋಮವಾರ

ಬೆಳಕು ಹರಿಯೋ ಮುಂಚೆ ಎದ್ದು ಹೋಗಿ ನೋಡಿದೆ. ಒಂದು ಹುಳಾನೂ ಕಕ್ಕಿಲ್ಲ, ಒಂದೂ ಸತ್ತಿಲ್ಲ. ಚಂದ್ರಿಕೆ ತುಂಬ ತೆಳ್ಳಗೆ ಮಂಜು ಕಟ್ಟಿದಂಗೆ ಗೂಡು. ಅವಳು ಬಿಟ್ಟ ಹುಳ ಯಾವುದು ಅಂತ ಹುಡುಕಿದೆ. ಗೊತ್ತಾಗಲಿಲ್ಲ, ಎಲ್ಲ ಒಂದೇ ಥರ.

ಹನ್ನೊಂದು ವರ್ಷದ ಕೆಳಗೆ ಆ ವಾರ ನಾವು ಪಕ್ಕದ ಹೊಲದಿಂದ ಸೊಪ್ಪು ಕೊಂಡು ತಂದಿದ್ದೆವು. ಆ ಹೊಲದ ಪಕ್ಕ ಟೊಮೆಟೊಗೆ ಔಷಧಿ ಹೊಡೆದಿದ್ದರು, ಸೊಪ್ಪಿಗೂ ಹಾರಿರಬೇಕು. ಇದು ನೆನಪಿಗೆ ಬಂದದ್ದು ಇವತ್ತು. ಯಾಕೆ ಇಷ್ಟು ದಿನ ಬರಲಿಲ್ಲವೋ. ಅವಳಿಗೆ ಹೇಳಬೇಕು.

ಏಳು ಗಂಟೆಗೆ ಎದುರು ಜಗಲಿಯಿಂದ ಕೂಗು. "ಅಕ್ಕಾ! ಹುಳ ಎಂಗವೆ?"

"ನೀನೇ ಬಂದು ನೋಡೇ!" ಅಂದೆ.

ಅಂದ ಮೇಲೆ ಅವಳ ಕಾಲು ಮುರಿದಿರೋದು ನೆನಪಾಯಿತು. ಒಳಕ್ಕೆ ತಿರುಗಿ ಕೂಗಿದೆ, "ಲೇ ಬಾಲರಾಜು, ಗೋಣಿಚೀಲ, ಗಳ ತಗೊಂಡು ಬಾರ್ಲಾ! ಹಂಗೇ ನಾಲ್ಕು ಜನನ ಎಬ್ಬಿಸ್ಕೊಂಡು ಬಾ!"

ಕೃ‍ಷ್ಣಪ್ಪ ಡೇರಿಯಿಂದಲೇ ಕೇಳಿಸಿಕೊಂಡು ಸೈರನ್ ಹಾಕೇ ಬಿಟ್ಟ.